ದೆಹಲಿಯ ನಿರ್ಧಾರ, ಕುದಾಪುರದ ಕಾವಲು

ವಿದೇಶಾಂಗ ನೀತಿ ಎಂದರೆ ನಮ್ಮ ಹಾಸ್ಟೆಲಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಪ್ರಶ್ನೆ, ಇಲ್ಲವೇ ಮೊಬೈಲಿನಲ್ಲಿ ಕಾಣುವ ಕೈಕುಲುಕುವ ಫೋಟೊ. ನಾಯಕ ಗಟ್ಟಿಯಾಗಿದ್ದರೆ ದೇಶಕ್ಕೆ ಗೌರವ ಎಂದು ಅರ್ಧ ರಾತ್ರಿವರೆಗೆ ವಾದಿಸಿ ಮಲಗುತ್ತೇವೆ. ರಜೆಗೆ ಊರಿಗೆ ಬಂದಾಗ ಆ ವಾದ ಸಾಲದು ಎನಿಸುತ್ತದೆ. ನಮ್ಮೂರು ಕುದಾಪುರದ ಪಕ್ಕ. ಇಲ್ಲಿ ವಿದೇಶಾಂಗ ನೀತಿಗೆ ಕಾಂಪೌಂಡ್ ಗೋಡೆಯಿದೆ.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ, ಡಿಆರ್‌ಡಿಒಗೆ 4,290 ಎಕರೆ ಕೊಡಲಾಗಿದೆ. ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೊಗೂ ಜಾಗ ಸಿಕ್ಕಿದೆ. ಇಷ್ಟು ಬಯಲು ಏಕೆ ಬೇಕಾಯಿತು? ಉತ್ತರದ ಒಂದು ಭಾಗ ಹೊರದೇಶಗಳೊಂದಿಗಿನ ನಮ್ಮ ಚರಿತ್ರೆಯಲ್ಲಿದೆ.

1974ರ ಪೋಖ್ರಾನ್ ಪರೀಕ್ಷೆಯ ನಂತರ ಅಣು ತಂತ್ರಜ್ಞಾನದ ಬಾಗಿಲುಗಳು ನಮಗೆ ಮುಚ್ಚಿದವು. ಅಮೆರಿಕದ ಒತ್ತಡಕ್ಕೆ ಮಣಿದ ರಷ್ಯಾ, 1993ರಲ್ಲಿ ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನ ಕೊಡಲು ಹಿಂದೆ ಸರಿಯಿತು. ನಮ್ಮದೇ ಎಂಜಿನ್ನಿನಿಂದ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಕೇಳಿದ್ದನ್ನು ಯಾರೂ ಕೊಡದಿದ್ದಾಗ ಸ್ವಂತ ಪ್ರಯೋಗಾಲಯ ಬೇಕು, ರನ್‌ವೇ ಬೇಕು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಮೇಲಿನಿಂದ ಬಿಟ್ಟ ಇಸ್ರೊದ ಮರುಬಳಕೆ ವಾಹನ ತಾನೇ ದಾರಿ ಹುಡುಕಿಕೊಂಡು ಬಂದು ಇಳಿದದ್ದು ಇದೇ ಸೀಮೆಯ ರನ್‌ವೇ ಮೇಲೆ.

ಇದನ್ನೆಲ್ಲ ಒಬ್ಬ ನಾಯಕ ಮಾಡುತ್ತಾನೆಯೇ? ಅಮೆರಿಕದೊಂದಿಗಿನ ಅಣು ಒಪ್ಪಂದವನ್ನೇ ನೋಡಿ. 2005ರ ಜುಲೈನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ದಿಕ್ಕು ತೋರಿಸಿದರು. ಯಾವ ರಿಯಾಕ್ಟರುಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಬೇಕು ಎಂಬ ಚರ್ಚೆಯಲ್ಲಿ ವಿಜ್ಞಾನಿಗಳು ಪಟ್ಟು ಹಿಡಿದರು. 22ರಲ್ಲಿ 14 ಒಳಗೆ ಬಂದವು, ನಮ್ಮ ಕೈಗಾ ಹೊರಗುಳಿಯಿತು. ಎಡಪಕ್ಷಗಳು ಬೆಂಬಲ ಹಿಂತೆಗೆದಾಗ ಪ್ರಧಾನಿ ಸರ್ಕಾರವನ್ನೇ ಪಣಕ್ಕಿಟ್ಟರು. 2008ರ ಜುಲೈ 22ರಂದು 275–256 ಮತಗಳಿಂದ ಸರ್ಕಾರ ಉಳಿಯಿತು. ಅಕ್ಟೋಬರಿನಲ್ಲಿ ಸಹಿ ಹಾಕಿದವರು ವಿದೇಶಾಂಗ ಸಚಿವ ಪ್ರಣವ್ ಮುಖರ್ಜಿ. ಫೋಟೊ ಒಂದು ಕ್ಷಣದ್ದು, ಕೆಲಸ ಮೂರು ವರ್ಷದ್ದು. ದಿಕ್ಕು, ತಾಳ್ಮೆ, ಅಪಾಯ ಹೊರುವ ಧೈರ್ಯ ನಾಯಕನದು. ಉಳಿದದ್ದು ನೂರಾರು ಕೈಗಳದು.

ಆದರೆ ಒಂದು ಕೊರತೆಯಿದೆ. ಅಂದು ಲೋಕಸಭೆ ಮತ ಹಾಕಿದ್ದು ಸರ್ಕಾರದ ಮೇಲಿನ ವಿಶ್ವಾಸಕ್ಕೆ, ಒಪ್ಪಂದಕ್ಕಲ್ಲ. ಹೊರದೇಶದ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಎಂದು ನಮ್ಮ ಸಂವಿಧಾನ ಹೇಳುವುದಿಲ್ಲ. ಸಚಿವ ಸಂಪುಟ ಸಾಕು. ಮೇಲೆ ಚರ್ಚೆಯಿಲ್ಲದೆ ನಡೆಯುವ ಅಭ್ಯಾಸ ಕೆಳಗೂ ಇಳಿಯುತ್ತದೆ. ಕಾವಲಿನ ಹುಲ್ಲನ್ನು ನಂಬಿದ ಕುರಿಗಾಹಿಗಳು, ಕಂಬಳಿ ನೇಯುವವರ ಪರವಾಗಿ ಹೋರಾಟಗಾರರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ದೇಶದ ಭದ್ರತೆಯ ಗುಟ್ಟು ಗುಟ್ಟಾಗಿಯೇ ಇರಲಿ. ಯಾರ ಹುಲ್ಲುಗಾವಲು ಹೋಗುತ್ತದೆ, ಬದಲಿಗೆ ಏನು ಸಿಗುತ್ತದೆ ಎಂಬುದು ಗುಟ್ಟಲ್ಲ.

‘ಓದು ಮುಗಿದ ಮೇಲೆ ಆ ಗೋಡೆ ಒಳಗೆ ನಿಂಗೆ ಕೆಲ್ಸ ಸಿಗ್ತದೇನೋ?’ ಎಂದು ಅಜ್ಜ ಕೇಳುತ್ತಾರೆ. ಸಿಗಲಿ ಎಂದು ನನಗೂ ಆಸೆ. ಒಳಗೆ ನನಗೆ ಕೆಲಸ ಬೇಕು, ಹೊರಗೆ ಅಜ್ಜನ ಕುರಿಗೆ ಹುಲ್ಲೂ ಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಅಭ್ಯರ್ಥಿಗೆ, ‘ನಿಮ್ಮ ನಾಯಕ ಯಾರು’ ಎಂದಷ್ಟೇ ಕೇಳುವುದಿಲ್ಲ. ‘ಈ ಎರಡನ್ನೂ ಸಂಸತ್ತಿನಲ್ಲಿ ಮಾತನಾಡುತ್ತೀರಾ’ ಎಂದೂ ಕೇಳುತ್ತೇನೆ. ನೀವೂ ಕೇಳಿ.