ವಿಕಿರಣದ ಅಳತೆಗೆ ಮೂರನೆಯ ಆಯಾಮ

ಅರ್ಬುದರೋಗಿಯ ದೇಹದೊಳಕ್ಕೆ ವಿಕಿರಣವನ್ನು ಹಾಯಿಸುವ ವೈದ್ಯನು ಕಣ್ಣಿಗೆ ಕಾಣದ ಶಸ್ತ್ರವೊಂದನ್ನು ಪ್ರಯೋಗಿಸುವನಾದುದರಿಂದ, ಅದು ಗುರಿಯನ್ನೇ ಮುಟ್ಟಿತೆ, ಮುಟ್ಟಿದ್ದು ವಿಧಿಸಿದಷ್ಟೇ ಪ್ರಮಾಣದಲ್ಲಿಯೆ ಎಂದು ಪರೀಕ್ಷಿಸುವ ಕಾರ್ಯವನ್ನೂ ಚಿಕಿತ್ಸೆಯ ಅಂಗವೆಂದೇ ಎಣಿಸಬೇಕು. ಪನಾಮಾ ದೇಶದ ಕ್ಯಾನ್ಸರ್ ಸಂಸ್ಥೆಯಲ್ಲಿ 2000–2001ರಲ್ಲಿ, ಆರೋಗ್ಯವಂತ ಅಂಗಗಳನ್ನು ಮರೆಮಾಡುವ ರಕ್ಷಾಫಲಕಗಳ ವಿವರವನ್ನು ಪ್ರಮಾಣ ಲೆಕ್ಕಹಾಕುವ ಕಂಪ್ಯೂಟರಿಗೆ ಬೇರೊಂದು ಕ್ರಮದಲ್ಲಿ ಒದಗಿಸಿದುದರಿಂದ ಲೆಕ್ಕ ತಪ್ಪಿ, ಆ ಲೆಕ್ಕವನ್ನು ಯಾರೂ ಬೇರೆಯಾಗಿ ತಾಳೆ ನೋಡದೆ, 28 ಮಂದಿ ರೋಗಿಗಳು ಮಿತಿಮೀರಿದ ವಿಕಿರಣಕ್ಕೆ ಗುರಿಯಾದರು; ಅವರಲ್ಲಿ ಕೆಲವರು ಅದರಿಂದಲೇ ಮೃತರಾದರು.

ಅಂದಿನ ಸರಳ ಕಿರಣಪುಂಜಗಳಿಗಿಂತ, ಕಿರಣದ ತೀವ್ರತೆಯನ್ನು ಭಾಗಭಾಗವಾಗಿ ಬದಲಿಸುವ ಇಂದಿನ ಐಎಂಆರ್‌ಟಿ ವಿಧಾನವು ಬಹಳ ಜಟಿಲವಾದುದು. ಗಂಟಲಿನ ಗಡ್ಡೆಯನ್ನು ಸುಡುತ್ತಲೇ ಪಕ್ಕದ ಲಾಲಾಗ್ರಂಥಿಯನ್ನೂ ಬೆನ್ನುಹುರಿಯನ್ನೂ ಉಳಿಸಬೇಕಾದ ಈ ಚಿಕಿತ್ಸೆಯಲ್ಲಿ ಕೆಲವೇ ಮಿಲಿಮೀಟರುಗಳ ಅಂತರದಲ್ಲಿ ಪ್ರಮಾಣವು ಥಟ್ಟನೆ ಇಳಿಯುವುದು. ಅಯಾನೀಕರಣ ಕೋಷ್ಠವು ಒಂದು ಬಿಂದುವನ್ನು ಅಳೆಯುವುದು. ಫಿಲ್ಮು ಒಂದು ತಲವನ್ನು. ಆದರೆ ಗಡ್ಡೆಗೆ ಉದ್ದ, ಅಗಲ, ಆಳಗಳು ಮೂರೂ ಉಂಟು.

ಬಿದ್ದ ವಿಕಿರಣವನ್ನು ತನ್ನ ಇಡೀ ಗಾತ್ರದಲ್ಲಿ ದಾಖಲಿಸುವ ಜೆಲ್ ಮಾಪಕದ ಹಿರಿಮೆಯಿರುವುದು ಇಲ್ಲಿಯೇ. ವಿಕಿರಣ ತಾಗಿದಾಗ ಬದಲಾಗುವ ಕಬ್ಬಿಣದ ಲವಣವುಳ್ಳ ಫ್ರಿಕ್ ದ್ರಾವಣವನ್ನು ಜೆಲ್ಲಿನಲ್ಲಿ ಬೆರೆಸಿ ಎಂಆರ್‌ಐನಿಂದ ಓದಬಹುದೆಂದು ವಿಜ್ಞಾನಿ ಗೋರ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ಸೂಚಿಸಿದರು. ಆದರೆ ಅದರಲ್ಲಿನ ಕಬ್ಬಿಣದ ಅಯಾನುಗಳು ಹರಡುತ್ತ ಹೋಗಿ ಚಿತ್ರವು ಮಸುಕಾಗುತ್ತಿತ್ತು. ಮುಂದೆ ಬಂದ ಪಾಲಿಮರ್ ಜೆಲ್ಲಿನಲ್ಲಿ, ವಿಕಿರಣವು ಬಿದ್ದೆಡೆಯಲ್ಲೆಲ್ಲ ಸಣ್ಣ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಅಲ್ಲಿಯೇ ಸ್ಥಿರವಾಗುವುವು. ಪಾರದರ್ಶಕವಾಗಿದ್ದ ಜೆಲ್ಲಿನ ಪಾತ್ರೆಯನ್ನು ಯಂತ್ರದಡಿಯಿಂದ ತೆಗೆದು ಕೆಲವು ಗಂಟೆಗಳ ಬಳಿಕ ನೋಡಿದರೆ, ಚಿಕಿತ್ಸೆಯ ಯೋಜನೆಯಲ್ಲಿ ಬರೆದಿದ್ದ ಆಕೃತಿಯು ಹಾಲಿನಂತೆ ಬೆಳ್ಳಗೆ ಅದರೊಳಗೆ ಮೂಡಿರುವುದು. ಎಂಆರ್‌ಐ ಅದನ್ನು ಪದರಪದರವಾಗಿ ಓದಿ, ಕಂಪ್ಯೂಟರಿನ ಲೆಕ್ಕದೊಡನೆ ಹೋಲಿಸಲು ಅನುವು ಮಾಡಿಕೊಡುವುದು.

ತೊಡಕುಗಳೂ ಇಲ್ಲದಿಲ್ಲ. ಆಮ್ಲಜನಕವು ಅಣುಗಳು ಹೆಣೆದುಕೊಳ್ಳುವ ಕ್ರಿಯೆಯನ್ನು ತಡೆಯುವುದು, ಉಷ್ಣತೆಯ ವ್ಯತ್ಯಾಸವು ಫಲಿತಾಂಶವನ್ನು ಕೆಡಿಸುವುದು. ಕೆಲವು ಜೆಲ್ಲುಗಳಲ್ಲಿ ಬಳಸುವ ಅಕ್ರಿಲಮೈಡ್ ವಿಷವಸ್ತು. 2001ರಲ್ಲಿ ಪ್ರಕಟವಾದ ‘ಮ್ಯಾಜಿಕ್’ ಜೆಲ್ಲಿನಲ್ಲಿ ವಿಟಮಿನ್ ಸಿ ಮತ್ತು ತಾಮ್ರದ ಲವಣಗಳು ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ, ಅದನ್ನು ಸಾಮಾನ್ಯ ಪ್ರಯೋಗಶಾಲೆಯಲ್ಲಿಯೇ ತಯಾರಿಸಬಹುದು. ಆದರೂ ಪ್ರತಿಯೊಬ್ಬ ರೋಗಿಗೂ ಜೆಲ್ ಪರೀಕ್ಷೆಯನ್ನು ಮಾಡಬೇಕೆನ್ನುವುದು ವ್ಯವಹಾರಸಾಧ್ಯವಲ್ಲ, ನಾನು ಹಾಗೆ ಕೇಳುತ್ತಲೂ ಇಲ್ಲ.

ಕೋಟಿಗಟ್ಟಲೆ ವೆಚ್ಚದ ಯಂತ್ರವನ್ನು ತರಿಸುವ ಆಸ್ಪತ್ರೆಗಳು, ಅದರ ಅಳತೆಯ ಹೊಣೆ ಹೊತ್ತ ವೈದ್ಯಕೀಯ ಭೌತವಿಜ್ಞಾನಿಗೆ ಪರೀಕ್ಷೆಗೆ ಬೇಕಾದ ಕಾಲವನ್ನೂ ಎಂಆರ್‌ಐ ಯಂತ್ರದ ಕೆಲವು ಗಂಟೆಗಳನ್ನೂ ಕೊಡಲು ಹಿಂಜರಿಯಬಾರದು. ಹೊಸ ಯಂತ್ರವನ್ನೋ ಹೊಸ ವಿಧಾನವನ್ನೋ ಆರಂಭಿಸುವ ಮುನ್ನ, ಮೊದಲ ರೋಗಿಯನ್ನು ಮೇಜಿನ ಮೇಲೆ ಮಲಗಿಸುವುದಕ್ಕೂ ಮೊದಲು, ಒಂದು ಜೆಲ್ ಪರೀಕ್ಷೆಯನ್ನಾದರೂ ನಮ್ಮ ಆಸ್ಪತ್ರೆಗಳ ಆಡಳಿತ ಮಂಡಳಿಗಳು ಕಡ್ಡಾಯಗೊಳಿಸಲಿ.