ಚಳಿಗೆ ನಿಲ್ಲುವ ಡೀಸೆಲ್ ಗಾಡಿ: ದೋಷ ಎಲ್ಲಿ?

ಕಬ್ಬಿನ ಹಂಗಾಮು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತರಿಗೆ ಬೆಳಗಿನ ಜಾವದ ಓಡಾಟ ತಪ್ಪಿದ್ದಲ್ಲ. ಕಟಾವಿನ ಆಳುಗಳನ್ನು ಹೊಲಕ್ಕೆ ಮುಟ್ಟಿಸಬೇಕು, ಕಾರ್ಖಾನೆಯ ಸರದಿ ನೋಡಿಕೊಳ್ಳಬೇಕು. ಇಂಥ ಹೊತ್ತಿನಲ್ಲಿಯೇ ಹಳೆಯ ಡೀಸೆಲ್ ಕಾರು ಅಥವಾ ಜೀಪು ಚಾಲೂ ಆಗಿ, ಅಗಸಿ ದಾಟುವಷ್ಟರಲ್ಲಿ ನಿಂತುಬಿಡುತ್ತದೆ. ಥಂಡಿಗೆ ಡೀಸೆಲ್ ಹೆಪ್ಪುಗಟ್ಟಿತೆಂದು ಟಾಕಿಯ ಕೆಳಗೆ ಬೆಂಕಿ ಹಿಡಿಯುವವರೂ ಉಂಟು. ಇದು ಅಪಾಯದ ಕೆಲಸ. ಆ ಕಾರಣವೂ ಬಹುಮಟ್ಟಿಗೆ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಡೀಸೆಲ್‌ನಲ್ಲಿ ಮೇಣದ ಅಂಶ ಇರುವುದು ನಿಜ. ಆದರೆ ಭಾರತೀಯ ಮಾನಕದಂತೆ ನವೆಂಬರಿನಿಂದ ಫೆಬ್ರುವರಿವರೆಗಿನ ಡೀಸೆಲ್ 6 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ಫಿಲ್ಟರಿನ ಮೂಲಕ ಹಾಯಬೇಕು. ಘಟಪ್ರಭೆಯ ದಂಡೆಯಲ್ಲಿ ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಬೇಸಿಗೆಯ ಡೀಸೆಲ್‌ಗೆ ಮಾತ್ರ ಈ ಮಿತಿ 18 ಡಿಗ್ರಿ. ಆದುದರಿಂದ ಮೇ ತಿಂಗಳಲ್ಲಿ ಬ್ಯಾರಲ್ಲಿಗೆ ತುಂಬಿಟ್ಟದ್ದನ್ನು ಡಿಸೆಂಬರಿನಲ್ಲಿ ಸುರಿದವರು ಮೇಣವನ್ನು ಸಂಶಯಿಸಬಹುದು. ಬಂಕಿನಲ್ಲಿ ಆಗತಾನೆ ಹಾಕಿಸಿದವರು ಬೇರೆ ಕಡೆ ನೋಡತಕ್ಕದ್ದು.

ಚಾಲೂ ಆಗದಿರುವುದು ಬೇರೆ, ಚಾಲೂ ಆಗಿ ನಿಲ್ಲುವುದು ಬೇರೆ. ಈ ಭೇದವನ್ನು ಮಿಸ್ತ್ರಿಗೆ ಸ್ಪಷ್ಟವಾಗಿ ಹೇಳಿದರೆ ಅರ್ಧ ಖರ್ಚು ಉಳಿದೀತು. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಎಣ್ಣೆ ಹೊತ್ತಬೇಕು. ಸ್ಟಾರ್ಟರ್ ತಿರುಗುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಬರುತ್ತಿದೆ, ಆದರೆ ಹೊತ್ತುತ್ತಿಲ್ಲ ಎಂದು ತಿಳಿಯಬೇಕು. ಆಗ ಹೀಟರ್ ಪ್ಲಗ್, ಬ್ಯಾಟರಿ, ಕಂಪ್ರೆಶನ್ ನೋಡಬೇಕು. ಹೊಗೆಯೇ ಇಲ್ಲವಾದರೆ ಡೀಸೆಲ್ ಬರುತ್ತಿಲ್ಲ.

ಒಂದೆರಡು ನಿಮಿಷ ಓಡಿ ನಿಲ್ಲುವ ಗಾಡಿಯಲ್ಲಿ ನನ್ನ ಮೊದಲ ಸಂಶಯ ಟಾಕಿಯಿಂದ ಪಂಪಿನವರೆಗಿನ ಹಾದಿಯ ಮೇಲೆ. ಪಂಪಿನಲ್ಲಿ ಉಳಿದಿದ್ದ ಡೀಸೆಲ್ ತೀರುವವರೆಗೆ ಎಂಜಿನ್ ಓಡುತ್ತದೆ. ಥಂಡಿಯಲ್ಲಿ ಡೀಸೆಲ್ ಮಂದವಾಗುತ್ತದೆ, ಹಳೆಯ ರಬ್ಬರ್ ಪೈಪು ಬಿರುಸಾಗುತ್ತದೆ; ಅರ್ಧ ಕಟ್ಟಿದ ಫಿಲ್ಟರಿನಿಂದ ಪಂಪು ಜೋರಾಗಿ ಎಳೆಯತೊಡಗಿದಾಗ ಸಡಿಲ ಕ್ಲಿಪ್ಪಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಸೋರದಿರಬಹುದು. ಇದಕ್ಕೆ ಹಣವಿಲ್ಲದ ಪರೀಕ್ಷೆಯೊಂದಿದೆ. ಟಾಕಿ ಹಿಂದಿರುವ ಗಾಡಿಯನ್ನು ಒಂದು ರಾತ್ರಿ ಮುಂಭಾಗ ಎತ್ತರಕ್ಕಿರುವಂತೆ, ಮರುರಾತ್ರಿ ತಗ್ಗಿಗಿರುವಂತೆ ನಿಲ್ಲಿಸಿರಿ. ಎತ್ತರಕ್ಕಿಟ್ಟ ದಿನ ಮಾತ್ರ ಕಾಟ ಕೊಟ್ಟರೆ ಡೀಸೆಲ್ ಟಾಕಿಗೆ ಹಿಂದಿರುಗುತ್ತಿದೆ, ಅರ್ಥಾತ್ ಗಾಳಿ ಒಳಸೇರುತ್ತಿದೆ.

ಮುಂದಿನ ಶತ್ರು ನೀರು. ಅರ್ಧ ಖಾಲಿ ಟಾಕಿಯೊಳಗಿನ ಗಾಳಿಯ ಪಸೆ ರಾತ್ರಿ ಹನಿಗಟ್ಟಿ ತಳ ಸೇರುತ್ತದೆ. ಸಂಜೆಯೇ ಟಾಕಿ ತುಂಬಿಸಿರಿ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರು ಬಿಡಿರಿ. ಚಳಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿ ಎಳೆತ ಹೆಚ್ಚುವುದರಿಂದ ಐಡ್ಲಿಂಗ್ ತೀರ ಕಡಿಮೆ ಇಟ್ಟ ಗಾಡಿಯೂ ನಿಲ್ಲುವುದುಂಟು.

ಪೆಟ್ರೋಲಿನಲ್ಲಿ ಅದ್ದಿದ ಅರಿವೆಯನ್ನು ಗಾಳಿಯ ಬಾಯಿಗೆ ಹಿಡಿಯುವ ಚಾಳಿಯನ್ನು ಬಿಡಲೇಬೇಕು. ಹೀಟರ್ ಪ್ಲಗ್ ಕೆಂಪಾಗಿರುವಾಗ ಅದು ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ನನ್ನೇ ಒಡೆಯಬಹುದು. ಸೀಮೆಎಣ್ಣೆ ಬೆರೆಸುವುದೂ ಬೇಡ. ಪಂಪಿಗೆ ಡೀಸೆಲ್ಲೇ ಜಾರೆಣ್ಣೆ. ಕಾಮನ್ ರೈಲ್ ಗಾಡಿಗಳ ಒತ್ತಡದ ಪೈಪನ್ನು, ಹಳೆಯ ಜೀಪಿನಂತೆ ಗಾಳಿ ತೆಗೆಯಲೆಂದು, ಸಡಿಲಿಸಬಾರದು. ಅಲ್ಲಿಯ ಒತ್ತಡ 1,000 ಬಾರ್‌ಗೂ ಮಿಕ್ಕಿ ಇರುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ.

ಪೈಪು, ಕ್ಲಿಪ್ಪು, ಫಿಲ್ಟರ್ ನೋಡದೆ ನೇರವಾಗಿ ಪಂಪು ಬಿಚ್ಚುವ ಮಿಸ್ತ್ರಿಯನ್ನು ರೈತರು ತಡೆದು ಕೇಳಬೇಕು. ಕೇಳಲು ತಿಳಿವಳಿಕೆ ಬೇಕಷ್ಟೆ. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಬೀಜ, ಗೊಬ್ಬರಗಳ ತರಬೇತಿಯ ಜೊತೆಗೆ, ಕಬ್ಬು ನುರಿಸುವ ಮೊದಲು, ಅಕ್ಟೋಬರಿನಲ್ಲಿ ಒಂದು ದಿನ ಡೀಸೆಲ್ ಎಂಜಿನ್ನಿಗೆ ಮೀಸಲಿಡುವುದು ಯೋಗ್ಯ. ರೈತರು ತಮ್ಮ ಗಾಡಿಗಳನ್ನೇ ತರಲಿ, ಫಿಲ್ಟರಿನ ನೀರನ್ನು ತಮ್ಮ ಕೈಯಿಂದಲೇ ಗಾಜಿನ ಬಾಟಲಿಗೆ ಬಿಟ್ಟು ನೋಡಲಿ.