ಅರ್ಧದಲ್ಲೇ ನಿಂತ ಹಳಿ

ಬರ್ಮಿಂಗ್‌ಹ್ಯಾಮಿನಿಂದ ಮ್ಯಾಂಚೆಸ್ಟರಿಗೆ ರೈಲಿನಲ್ಲಿ ಸುಮಾರು 130 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರು ಮತ್ತು ಮೈಸೂರುಗಳ ನಡುವಿನ ದೂರ. ಇದನ್ನು ಕ್ರಮಿಸಲು ಇಂದಿಗೂ ಒಂದೂವರೆ ಗಂಟೆ ಬೇಕು. ಪ್ಯಾರಿಸ್‌ನಿಂದ ಲಿಯೋನ್‌ಗೆ ಇದರ ಮೂರು ಪಟ್ಟು ದೂರವಿದೆ. 1981ರಲ್ಲಿ ಆರಂಭವಾದ ಅತಿವೇಗದ ರೈಲು ಇಂದು ಅದನ್ನು ಸುಮಾರು ಎರಡು ಗಂಟೆಗಳಲ್ಲಿ ಮುಟ್ಟಿಸುತ್ತದೆ. ರಾಜ್ಯೋತ್ಸವಕ್ಕೆಂದು ಬರ್ಮಿಂಗ್‌ಹ್ಯಾಮಿನ ಕನ್ನಡ ಕುಟುಂಬವೊಂದು ಮ್ಯಾಂಚೆಸ್ಟರಿಗೋ ಲೀಡ್ಸ್‌ಗೋ ಹೊರಟಿತೆನ್ನಿ. ವಾರಗಳ ಮೊದಲೇ ಕಾದಿರಿಸದಿದ್ದರೆ ಟಿಕೆಟ್ ದುಬಾರಿ. ಬರುವ ರೈಲಿಗೆ ನಾಲ್ಕೋ ಐದೋ ಬೋಗಿಗಳು. ಊರಿನಿಂದ ಬಂದ ವಯಸ್ಸಾದ ತಂದೆತಾಯಿಯರಿಗೆ ಕೂರಲು ಜಾಗ ಸಿಕ್ಕೀತೆಂಬ ಭರವಸೆಯಿಲ್ಲ. ಲೆಕ್ಕ ಹಾಕಿದ ಮೇಲೆ ಆ ಕುಟುಂಬ ಕಾರು ತೆಗೆಯುತ್ತದೆ. ಎಂ6 ಹೆದ್ದಾರಿಯ ದಟ್ಟಣೆಗೆ ಇನ್ನೊಂದು ವಾಹನ ಸೇರುತ್ತದೆ.

ಇದು ಬದಲಾಗಬೇಕಿತ್ತು. ಎಚ್‌ಎಸ್2 ಎಂಬ ಅತಿವೇಗದ ರೈಲುಮಾರ್ಗಕ್ಕೆ 2012ರ ಜನವರಿಯಲ್ಲಿ ಸರ್ಕಾರ ಹಸಿರು ನಿಶಾನೆ ತೋರಿದಾಗ ನಕ್ಷೆಯಲ್ಲಿದ್ದದ್ದು ಕವಲೊಡೆದ ಮರದ ಆಕಾರ: ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಕಾಂಡ, ಅಲ್ಲಿಂದ ಮ್ಯಾಂಚೆಸ್ಟರಿಗೊಂದು ಕೊಂಬೆ, ಲೀಡ್ಸ್‌ಗೊಂದು ಕೊಂಬೆ. 2021ರ ನವೆಂಬರಿನಲ್ಲಿ ಲೀಡ್ಸ್‌ನ ಕೊಂಬೆಯನ್ನು ಕಡಿಯಲಾಯಿತು. 2023ರ ಅಕ್ಟೋಬರ್ 4ರಂದು ಪ್ರಧಾನಿ ರಿಷಿ ಸುನಕ್ ಮ್ಯಾಂಚೆಸ್ಟರಿನ ಕೊಂಬೆಯನ್ನೂ ಕಡಿದರು. ಈ ಘೋಷಣೆಯನ್ನು ಅವರು ಮಾಡಿದ್ದು ಮ್ಯಾಂಚೆಸ್ಟರಿನಲ್ಲೇ, 1969ರಲ್ಲಿ ಮುಚ್ಚಿಹೋದ ರೈಲು ನಿಲ್ದಾಣವೊಂದನ್ನು ಸಭಾಂಗಣವಾಗಿಸಿದ ಕಟ್ಟಡದಲ್ಲಿ. ಈಗ ಉಳಿದಿರುವುದು ಕಾಂಡ ಮಾತ್ರ. ಅದೂ 2033ರೊಳಗೆ ತೆರೆಯದು ಎಂದು 2025ರ ಜೂನ್‌ನಲ್ಲಿ ಸಾರಿಗೆ ಸಚಿವೆ ಹೈಡಿ ಅಲೆಕ್ಸಾಂಡರ್ ಸಂಸತ್ತಿಗೆ ತಿಳಿಸಿದರು.

ಈ ಯೋಜನೆಯನ್ನು ಕೆಲವು ನಿಮಿಷಗಳ ಉಳಿತಾಯವೆಂದು ಬಣ್ಣಿಸಿದ್ದೇ ಮೊದಲ ತಪ್ಪು. ಒಂದೇ ಹಳಿಯ ಮೇಲೆ ವೇಗದ ರೈಲು, ಊರೂರಿಗೆ ನಿಲ್ಲುವ ರೈಲು, ಸರಕಿನ ರೈಲು ಮೂರೂ ಓಡಬೇಕಾದಾಗ ನಿಧಾನದ್ದು ವೇಗದ್ದಕ್ಕೆ ದಾರಿ ಬಿಡಬೇಕಾಗುತ್ತದೆ, ನಡುವೆ ಅಂತರವನ್ನೂ ಉಳಿಸಬೇಕಾಗುತ್ತದೆ. ವೇಗದವುಗಳಿಗೆ ಬೇರೆ ಹಳಿ ಹಾಕಿದರೆ ಹಳೆಯ ಹಳಿಯಲ್ಲಿ ಸ್ಟ್ಯಾಫರ್ಡ್‌ನಂಥ, ಮ್ಯಾಕ್ಲ್ಸ್‌ಫೀಲ್ಡ್‌ನಂಥ ಊರುಗಳಿಗೆ ಹೆಚ್ಚು ರೈಲುಗಳನ್ನು ಓಡಿಸಬಹುದು. ಲಾರಿಗಳ ಸರಕನ್ನು ರೈಲಿಗೆ ತರಬಹುದು. ಅತಿವೇಗದ ಮಾರ್ಗದ ನಿಜವಾದ ಫಲಾನುಭವಿ ಅದರಲ್ಲಿ ಎಂದೂ ಕೂರದ ಪ್ರಯಾಣಿಕ. ಈಗಿನ ಯೋಜನೆಯಂತೆ ಹೊಸ ರೈಲುಗಳು ಲಿಚ್‌ಫೀಲ್ಡ್ ಬಳಿಯಲ್ಲಿ ಹಳೆಯ ಹಳಿಗೆ ಇಳಿಯಬೇಕು. ತಿರುವುಗಳಲ್ಲಿ ಬಾಗಿ ಓಡುವ ಇಂದಿನ ರೈಲುಗಳ ಸಾಮರ್ಥ್ಯ ಅವುಗಳಿಗಿಲ್ಲದ ಕಾರಣ, ಅಲ್ಲಿಂದ ಮುಂದೆ ಅವು ಇಂದಿನವುಗಳಿಗಿಂತ ನಿಧಾನವಾಗಿ ಸಾಗಬೇಕಾದೀತು. ಕೋಟ್ಯಂತರ ಪೌಂಡ್ ಸುರಿದು ಉತ್ತರಕ್ಕೆ ತಂದದ್ದು ಇದನ್ನೇ?

ಹಳಿ ಎಲ್ಲಿಗೆ ಹೋಗಬೇಕೆಂಬುದನ್ನು ಯಾವ ಕಾಲದಲ್ಲೂ ಬರಿಯ ತಂತ್ರಜ್ಞಾನ ತೀರ್ಮಾನಿಸಿಲ್ಲ. 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರುಗಳನ್ನು ಜೋಡಿಸಿದ ರೈಲಿನ ಹಿಂದೆ ಇದ್ದದ್ದು ಹತ್ತಿಯ ಹಣ. ಆ ಹಣದ ಕೈ ಕನ್ನಡ ನಾಡಿನವರೆಗೂ ಚಾಚಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಪೂರೈಕೆ ಕುಸಿದಾಗ, ಧಾರವಾಡ ಸೀಮೆಯ ಹತ್ತಿಯನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕು, ಘಟ್ಟ ಇಳಿಯುವ ದಾರಿ ಬೇಕು ಎಂದು ಒತ್ತಾಯಿಸಿದವರು ಮ್ಯಾಂಚೆಸ್ಟರಿನ ವರ್ತಕರು. ಹತ್ತಿಯ ತುರ್ತು ತೀರಿತು, ಉತ್ಸಾಹವೂ ಇಳಿಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ರೈಲು ಇಂದಿಗೂ ಓಡುತ್ತಿಲ್ಲ. ಅಂದು ಆಜ್ಞೆ ಮಾಡುತ್ತಿದ್ದ ಮ್ಯಾಂಚೆಸ್ಟರ್ ಇಂದು ಲಂಡನ್ನಿನ ಮುಂದೆ ಅರ್ಜಿ ಹಿಡಿದು ನಿಂತಿರುವುದನ್ನು ನೋಡಿ ಉತ್ತರ ಕರ್ನಾಟಕದವರು ಹಿಗ್ಗಬೇಕಾಗಿಲ್ಲ. ರಾಜಧಾನಿಗೆ ಮೊದಲ ಪಂಕ್ತಿ, ದೂರದವರಿಗೆ ಭರವಸೆ ಎಂಬ ಊಟದ ಕ್ರಮ ಅವರಿಗೂ ಚೆನ್ನಾಗಿ ಪರಿಚಿತ.

ಎಚ್‌ಎಸ್2 ಮೇಲಿನ ಟೀಕೆಗಳೆಲ್ಲ ಸುಳ್ಳಲ್ಲ. ಪುರಾತನ ಕಾಡುಗಳು ತುಂಡಾಗಿವೆ, ರೈತರು ಹೊಲ ಕಳೆದುಕೊಂಡಿದ್ದಾರೆ, ವೆಚ್ಚ ಕೈಮೀರಿದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಪಶ್ಚಿಮ ಘಟ್ಟದ ಕಾಡು ಬಲಿಯಾಗಬಾರದೆಂದು ವಾದಿಸಿದವರು ಇಲ್ಲಿನ ಮರಗಳ ಬಗ್ಗೆ ಮೌನವಾಗಿರಲು ಸಾಧ್ಯವಿಲ್ಲ. ಆದರೆ ಆ ನಷ್ಟವೆಲ್ಲ ಆಗಿಹೋದ ಮೇಲೆ ಲಾಭ ಹಂಚುವ ಹೊತ್ತಿಗೆ ಕೊಡಲಿ ಬಿದ್ದದ್ದು ಎಲ್ಲಿ ಎಂಬುದನ್ನೂ ಕೇಳಬೇಕು. ಸ್ಥಿತಿವಂತರ ಚಿಲ್ಟರ್ನ್ ಗುಡ್ಡಗಳ ಕೆಳಗೆ 16 ಕಿಲೋಮೀಟರ್ ಸುರಂಗ ಕೊರೆಯಲು ಹಣವಿತ್ತು. ಸ್ವಂತ ಟ್ರಾಮ್ ಕೂಡ ಇಲ್ಲದ ಲೀಡ್ಸ್‌ನ ಸರದಿ ಬಂದಾಗ ಬೊಕ್ಕಸ ಬರಿದಾಗಿತ್ತು.

ಮುಂದೇನು? ಮ್ಯಾಂಚೆಸ್ಟರಿನತ್ತ ಗುರುತಿಸಿದ ಜಮೀನನ್ನು ಮಾರದೆ ಉಳಿಸುವುದು ಮೊದಲ ಹೆಜ್ಜೆ. ಬರ್ಮಿಂಗ್‌ಹ್ಯಾಮ್–ಮ್ಯಾಂಚೆಸ್ಟರ್ ಹಳಿಯ ಮೇಲೆ ವಿದ್ಯುತ್ ತಂತಿ ಇದ್ದರೂ ಅದರಡಿ ಕ್ರಾಸ್‌ಕಂಟ್ರಿಯ ಡೀಸೆಲ್ ರೈಲುಗಳು ಹೊಗೆಯುಗುಳುತ್ತ ಓಡುತ್ತಿವೆ. ಅಲ್ಲಿ ಉದ್ದನೆಯ ವಿದ್ಯುತ್ ರೈಲುಗಳನ್ನು ತರಲು ಹೊಸ ಹಳಿಗಾಗಿ ಕಾಯಬೇಕಿಲ್ಲ. 2024ರ ಕಾಯ್ದೆಯಿಂದ ಪ್ರಯಾಣಿಕ ರೈಲುಗಳು ಮರಳಿ ಸಾರ್ವಜನಿಕ ಒಡೆತನಕ್ಕೆ ಬರುತ್ತಿರುವುದು ಸ್ವಾಗತಾರ್ಹ. ಆದರೆ ನಾರ್ದರ್ನ್ ರೈಲು 2020ರಿಂದಲೇ ಸರ್ಕಾರದ ಕೈಯಲ್ಲಿದೆ. ಒಡೆಯ ಬದಲಾದ ಮಾತ್ರಕ್ಕೆ ಮ್ಯಾಂಚೆಸ್ಟರಿನ ಪಿಕಡಿಲಿ ನಿಲ್ದಾಣದ ಇಕ್ಕಟ್ಟು ಸಡಿಲವಾಗಲಿಲ್ಲ. ಒಡೆತನದ ಜೊತೆಗೆ ಬಂಡವಾಳವೂ ಬರಬೇಕು, ದರವೂ ಇಳಿಯಬೇಕು.

ಈ ನಾಡಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪೌರರಿಗೆ, ಕಾಮನ್‌ವೆಲ್ತ್ ಪ್ರಜೆಗಳಾಗಿ, ಸಂಸತ್ತಿನ ಚುನಾವಣೆಯಲ್ಲೂ ಮತದ ಹಕ್ಕಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಬರುವವರೆಗೆ ಕಾಯಬೇಕಿಲ್ಲ. ಹೆಸರು ನೋಂದಾಯಿಸಿದರೆ ಸಾಕು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಸೀಮೆಗಳಿಗೆ ಇಂದು ಸಾರಿಗೆಯ ಹೊಣೆ ಹೊತ್ತ ಚುನಾಯಿತ ಮೇಯರುಗಳಿದ್ದಾರೆ. 2023ರಲ್ಲಿ ಕನ್ಸರ್ವೇಟಿವ್ ಪಕ್ಷದ ಆ್ಯಂಡಿ ಸ್ಟ್ರೀಟ್, ಲೇಬರ್ ಪಕ್ಷದ ಆ್ಯಂಡಿ ಬರ್ನಂ ಇಬ್ಬರೂ ಪಕ್ಷದ ಗೆರೆ ದಾಟಿ ಈ ಮಾರ್ಗದ ಪರ ನಿಂತಿದ್ದರು. ಬೆಂಗಳೂರಿನ ಉಪನಗರ ರೈಲಿನ ವಿಳಂಬವನ್ನು ಖಂಡಿಸುವಷ್ಟೇ ಹುರುಪಿನಿಂದ ಅನಿವಾಸಿ ಕನ್ನಡಿಗರು ತಾವು ತೆರಿಗೆ ಕಟ್ಟುವ ಊರಿನ ಹಳಿಗಳ ಬಗ್ಗೆಯೂ ದನಿಯೆತ್ತಬೇಕು. ಬಾಳುವ ಊರು ನೆಂಟರ ಮನೆಯಲ್ಲ. ಬಡಿಸಿದ್ದನ್ನು ಉಂಡು ಸುಮ್ಮನೆ ಎದ್ದು ಬರಲು.